ಎರಡು ಸಾವಿರ ರೂಪಾಯಿ ಒಳಗೆ ಮನೆಮಂದಿಯೆಲ್ಲ ಆಡಬಹುದಾದ ಬೋರ್ಡ್ ಗೇಮ್ ಯಾವುದು?

ಸಂಜೆಮಲ್ಲಿಗೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆ ಶುರುವಾಗುವ ಮೊದಲು ಮನೆಗೆ ಒಂದೆರಡು ಬೋರ್ಡ್ ಗೇಮ್ ತರಬೇಕು ಅಂತಿದ್ದೇನೆ. ಮನೆಯಲ್ಲಿ ನಾವಿಬ್ಬರು, ಅತ್ತೆ, ಹದಿಮೂರು ವರ್ಷದ ಮಗಳು, ಎಂಟು ವರ್ಷದ ಮಗ. ರಜೆಯಲ್ಲಿ ನಾದಿನಿ ಮನೆಯವರು ನಾಲ್ಕು ಜನ ಬರುತ್ತಾರೆ. ಅಂದರೆ ಮಾಮೂಲಿ ದಿನ ಐದು ಜನ, ರಜೆಯಲ್ಲಿ ಒಂಬತ್ತು.

ಆನ್‌ಲೈನ್‌ನಲ್ಲಿ ಹುಡುಕಿದೆ. ಚೆನ್ನಾಗಿದೆ ಅಂತ ಎಲ್ಲರೂ ಹೇಳುವ ಆಟಗಳು ಮೂರು ಸಾವಿರ, ನಾಲ್ಕು ಸಾವಿರ. ನನ್ನ ಲೆಕ್ಕ ಒಟ್ಟು ಎರಡು ಸಾವಿರ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಎಲ್ಲರೂ ಒಂದು ಸಲ ಸಿನಿಮಾಕ್ಕೆ ಹೋಗಿ ಬಂದರೂ ಅಷ್ಟು ಖರ್ಚಾಗುತ್ತದೆ, ಆದರೆ ಅದು ಮೂರು ಗಂಟೆಗೆ ಮುಗಿದುಹೋಗುತ್ತದೆ.

ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಸಣ್ಣ ಅಕ್ಷರ ಕಾಣುವುದೂ ಇಲ್ಲ. ಮಗ ಸೋತರೆ ಅತ್ತುಬಿಡುತ್ತಾನೆ. ಮಗಳಿಗೆ ಹಾವು-ಏಣಿ, ಲೂಡೋ ಅಂದರೆ ಬೇಜಾರು, "ಇದರಲ್ಲಿ ಯೋಚನೆ ಮಾಡೋಕೆ ಏನಿದೆ" ಅನ್ನುತ್ತಾಳೆ. ಈ ಮೂವರನ್ನೂ ಒಂದೇ ಚಾಪೆ ಮೇಲೆ ಕೂರಿಸುವ ಆಟ ಇದೆಯಾ? ದಯವಿಟ್ಟು ನೀವು ಆಡಿ ನೋಡಿರುವುದನ್ನೇ ಹೇಳಿ.

ಗಣಿತದ ಮೇಷ್ಟ್ರು, ಹಾಸನ

ಮೊದಲು ಒಂದು ಪೈಸೆ ಖರ್ಚಿಲ್ಲದ ಆಟ ಹೇಳುತ್ತೇನೆ. ಚೌಕಾಬಾರ. ನಿಮ್ಮ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ, ಅವರನ್ನೇ ಕೇಳಿ. ಹೊಸ ಆಟ ತಂದು ಹಿರಿಯರಿಗೆ ಕಲಿಸುವುದಕ್ಕಿಂತ, ಅವರಿಗೆ ಬರುವ ಆಟವನ್ನು ಅವರಿಂದಲೇ ಮಕ್ಕಳಿಗೆ ಹೇಳಿಕೊಡಿಸುವುದು ಎಷ್ಟೋ ಮೇಲು. ಮೊದಲ ದಿನವೇ ಆಟದ ಹಿಡಿತ ಅಜ್ಜಿಯ ಕೈಯಲ್ಲಿರುತ್ತದೆ.

ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದಕ್ಕೆ ಐದು ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿ. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿಗೆ ಬಳೆಚೂರು, ಗುಂಡಿ, ಕಡಲೆಕಾಳು, ಏನಾದರೂ ಆಗುತ್ತದೆ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಈ ಎರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಹೊರಸುತ್ತಿನ ಹದಿನಾರು ಮನೆ ಎಡದಿಂದ ಬಲಕ್ಕೆ ಸುತ್ತಿ, ಒಳಸುತ್ತಿನ ಎಂಟು ಮನೆ ಅದರ ಎದುರು ದಿಕ್ಕಿಗೆ ಹೋಗಿ, ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಆಟ ಸಪ್ಪೆ.

ನಿಮ್ಮ ಮಗಳ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹಾವು-ಏಣಿಯಲ್ಲಿ ದಾಳ ಹೇಳಿದ್ದನ್ನು ಮಾಡಬೇಕು, ಬೇರೆ ದಾರಿ ಇಲ್ಲ. ಇಲ್ಲಿ ಹಾಗಲ್ಲ, ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕು ಅಂತ ಪ್ರತಿ ಸಲ ತಾನೇ ಯೋಚಿಸಬೇಕು. ಲೆಕ್ಕವೂ ಇದೆ. ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತದೆ ಅಂತ ಇಟ್ಟುಕೊಂಡರೆ, 16ರಲ್ಲಿ 6 ಸಲ ಎರಡು ಬೀಳುತ್ತದೆ. ಒಂದು ಮತ್ತು ಮೂರು ನಾಲ್ಕು ನಾಲ್ಕು ಸಲ. ಚೌಕ ಒಂದು ಸಲ, ಬಾರ ಒಂದು ಸಲ. ಅಂದರೆ ಎದುರಾಳಿ ನಿಮ್ಮ ಕಾಯಿಯ ಹಿಂದೆ ಎರಡು ಮನೆ ದೂರದಲ್ಲಿದ್ದರೆ ಅಪಾಯ ಜಾಸ್ತಿ, ನಾಲ್ಕು ಮನೆ ದೂರದಲ್ಲಿದ್ದರೆ ಕಡಿಮೆ. ಇದನ್ನು ಮೊದಲೇ ಹೇಳಿಕೊಡಬೇಡಿ. ಬಿದ್ದದ್ದನ್ನೆಲ್ಲ ಒಂದು ಹಾಳೆಯಲ್ಲಿ ಗೀಟು ಹಾಕಿಕೊಳ್ಳಲು ಹೇಳಿ, ಅವಳೇ ಕಂಡುಹಿಡಿಯುತ್ತಾಳೆ. ನನ್ನ ತರಗತಿಯಲ್ಲಿ ಸಂಭವನೀಯತೆ ಪಾಠವನ್ನು ಹೀಗೇ ಶುರು ಮಾಡುವುದು.

ಭಾವನ ಬಳಗ, ಹುಬ್ಬಳ್ಳಿ

ಅಕ್ಕಾರ, ಕೇರಂ ಬಿಟ್ಟು ಬೇರೆ ಮಾತೇ ಬ್ಯಾಡ ಅಂತ ನನ್ನ ಅಭಿಪ್ರಾಯ. ಹತ್ತು ವರ್ಷ ಬಾಳಿಕೆ ಬರುತ್ತದೆ. ನಾಲ್ಕು ಜನ ಆಡಿದರೆ ಉಳಿದವರು ಸುತ್ತ ನಿಂತು ಕೂಗುತ್ತಾರೆ, ಅದೂ ಆಟವೇ.

ಆದರೆ ನೋಡಿ ತಗೊಳ್ಳಬೇಕು. ಸ್ಪರ್ಧೆಯ ಬೋರ್ಡಿನ ಒಳಗಿನ ಅಳತೆ 29 ಇಂಚು. ಮಕ್ಕಳ ಆಟಿಕೆ ಅಂಗಡಿಯಲ್ಲಿ 20 ಇಂಚಿನದು ಸಿಗುತ್ತದೆ. ಅದರ ಹಲಗೆ ತೆಳ್ಳಗಿರುತ್ತದೆ, ಒಂದು ಮಳೆಗಾಲ ಕಳೆದರೆ ನಡು ತಗ್ಗಾಗಿ ಪಾನ್‌ಗಳೆಲ್ಲ ಅಲ್ಲೇ ಬಂದು ನಿಲ್ಲುತ್ತವೆ. ದುಡ್ಡು ದಂಡ. ನಿಮ್ಮ ಬಜೆಟ್ಟಿಗೆ 26 ಇಂಚಿನ ಸುತ್ತಮುತ್ತಲಿನದು ಸರಿ, ಎಂಟು ವರ್ಷದ ಹುಡುಗನ ಕೈಗೂ ಎಟುಕುತ್ತದೆ. ಅಂಗಡಿಯಲ್ಲೇ ನೆಲದ ಮೇಲೆ ಇಟ್ಟು ಸ್ಟ್ರೈಕರ್ ಜೋರಾಗಿ ಹೊಡೆಯಿರಿ. ಮೂರು ಸಲವಾದರೂ ಈ ಕಡೆ ಆ ಕಡೆ ಓಡಬೇಕು. ಒಂದೇ ಸಲಕ್ಕೆ ನಿಂತುಬಿಟ್ಟರೆ ಕಟ್ಟು ಸರಿಯಿಲ್ಲ ಅಂತ. ಆಮೇಲೆ ಒಂದು ಕಣ್ಣು ಮುಚ್ಚಿ ಬೋರ್ಡಿನ ಮಟ್ಟಕ್ಕೆ ಬಗ್ಗಿ ನೋಡಿ, ಹಲಗೆ ಬಾಗಿದ್ದರೆ ಗೊತ್ತಾಗುತ್ತದೆ. ಪಾನ್ 19 ಇವೆಯೇ ಎಣಿಸಿ: ಕರಿ 9, ಬಿಳಿ 9, ರೆಡ್ 1.

ಮನೆಗೆ ತಂದ ಮೇಲೆ ಹೊರಗೋಡೆಗೆ ಒರಗಿಸಿ ಇಡಬೇಡಿ, ತೇವ ಹಿಡಿಯುತ್ತದೆ. ಬೋರಿಕ್ ಪೌಡರ್ ಮಕ್ಕಳ ಬಾಯಿಗೆ ಹೋಗಬಾರದು, ಆಟ ಮುಗಿದ ಮೇಲೆ ಕೈ ತೊಳೆಸಿ.

ರೈನ್ ತೀರದಿಂದ, ಜರ್ಮನಿ

ಇಬ್ಬರ ಮಾತೂ ಸರಿ. ನಾನು ಹೊಸ ಆಟಗಳ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಾನಿರುವ ದೇಶದಲ್ಲಿ ಇದು ದೊಡ್ಡ ಹುಚ್ಚು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಎಸ್ಸೆನ್ ಊರಿನಲ್ಲಿ ಬೋರ್ಡ್ ಗೇಮ್‌ಗಳದ್ದೇ ದೊಡ್ಡ ಮೇಳ ನಡೆಯುತ್ತದೆ. ಊರಿನ ಗ್ರಂಥಾಲಯದಿಂದ ಪುಸ್ತಕದ ಹಾಗೆ ಆಟವನ್ನೂ ಮನೆಗೆ ತರಬಹುದು. ನಮ್ಮ ಮನೆಯಲ್ಲಿ ಯಾವ ಆಟವನ್ನೂ ಗ್ರಂಥಾಲಯದಿಂದ ತಂದು ಆಡಿ ನೋಡದೆ ಕೊಳ್ಳುವುದಿಲ್ಲ.

ಆಯ್ಕೆಗೆ ಒಂದು ಸುಲಭ ಗುರುತು ಇದೆ. ಇಲ್ಲಿ 'ಸ್ಪೀಲ್ ಡೆಸ್ ಯಾರೆಸ್' ಅಂತ ವರ್ಷದ ಆಟಕ್ಕೆ ಪ್ರಶಸ್ತಿ ಕೊಡುತ್ತಾರೆ. ಗೆದ್ದ ಆಟದ ಡಬ್ಬದ ಮೇಲೆ ಒಂದು ಪುಟ್ಟ ಕಾಯಿಯ ಚಿತ್ರ ಇರುತ್ತದೆ. ಕೆಂಪು ಕಾಯಿ ಇದ್ದರೆ ಮನೆಮಂದಿಗೆಲ್ಲ. ನೀಲಿ ಇದ್ದರೆ ಚಿಕ್ಕ ಮಕ್ಕಳಿಗೆ. ಬೂದುಗಪ್ಪು ಇದ್ದರೆ ಆಡಿ ಪಳಗಿದವರಿಗೆ. ನೀವು ನೋಡಿರುವ ದುಬಾರಿ ಹೆಸರುಗಳಲ್ಲಿ ಹಲವು ಈ ಕೆಂಪು ಕಾಯಿಯವೇ: ಕಟಾನ್ 1995ರಲ್ಲಿ ಗೆದ್ದಿತು, ಕಾರ್ಕಸೋನ್ 2001ರಲ್ಲಿ, ಟಿಕೆಟ್ ಟು ರೈಡ್ 2004ರಲ್ಲಿ, ಡಿಕ್ಸಿಟ್ 2010ರಲ್ಲಿ, ಕೋಡ್‌ನೇಮ್ಸ್ 2016ರಲ್ಲಿ.

ಒಳ್ಳೆಯ ಆಟಗಳೇ, ಆದರೆ ನಿಮ್ಮ ಮನೆಗೆ? ಕಟಾನ್ ಮೂರು-ನಾಲ್ಕು ಜನರ ಆಟ. ನೀವು ಐದು ಜನ. ಐದನೆಯವರಿಗೆ ಬೇರೆ ವಿಸ್ತರಣೆ ಡಬ್ಬ ಕೊಳ್ಳಬೇಕು. ಮೂರು ಸಾವಿರ ಕೊಟ್ಟು ತಂದು ಒಬ್ಬರನ್ನು ಪಕ್ಕಕ್ಕೆ ಕೂರಿಸುವುದು ಯಾವ ಸುಖ? ಡಬ್ಬದ ಮೇಲಿನ ಮೂರು ಅಂಕಿಗಳನ್ನು ಕೊಳ್ಳುವ ಮೊದಲು ನೋಡಿ: ಎಷ್ಟು ಜನ, ಎಷ್ಟು ವಯಸ್ಸು, ಎಷ್ಟು ನಿಮಿಷ. ಜನರ ಸಂಖ್ಯೆ ಒಂದು ಕಡಿಮೆ ಇದ್ದರೂ ಬಿಡಿ. ನಿಮಿಷವನ್ನು ಮೊದಲ ಸಲಕ್ಕೆ ಎರಡರಷ್ಟು ಮಾಡಿಕೊಳ್ಳಿ.

ಇನ್ನೊಂದು ಲೆಕ್ಕ. ಆಟದ ಬೆಲೆಯನ್ನು ಎಷ್ಟು ಸಲ ಆಡುತ್ತೀರೋ ಅದರಿಂದ ಭಾಗಿಸಿ. ಇನ್ನೂರು ರೂಪಾಯಿಯ ಊನೋ ಕಾರ್ಡ್ ಆಟವನ್ನು ರಜೆಯಿಡೀ ದಿನಾ ಆಡಿದರೆ ಸಲಕ್ಕೆ ಕೆಲವೇ ರೂಪಾಯಿ. ನಾಲ್ಕು ಸಾವಿರದ ಚಂದದ ಡಬ್ಬ ಎರಡು ಸಲ ಆಡಿ ಅಟ್ಟಕ್ಕೆ ಹೋದರೆ ಸಲಕ್ಕೆ ಎರಡು ಸಾವಿರ.

ಅಂಗಡಿ ಬೀದಿ, ದಾವಣಗೆರೆ

ಯಾರೂ ವ್ಯಾಪಾರ ಆಟದ ಹೆಸರೇ ಎತ್ತಲಿಲ್ಲವಲ್ಲ! ನಾವೆಲ್ಲ ಅದನ್ನು ಆಡಿಯೇ ಬೆಳೆದವರು. ಮುಂಬೈ ಕೊಳ್ಳುವುದು, ಬಾಡಿಗೆ ವಸೂಲಿ, ಬ್ಯಾಂಕಿನಿಂದ ಸಾಲ. ಇನ್ನೂರು-ಮುನ್ನೂರಕ್ಕೆ ಸಿಗುತ್ತದೆ. ಮಕ್ಕಳಿಗೆ ಕೂಡುವುದು ಕಳೆಯುವುದು ತಾನಾಗಿ ಬರುತ್ತದೆ.

ರೈನ್ ತೀರದಿಂದ, ಜರ್ಮನಿ

ನನಗೂ ಆ ಆಟದ ಮೇಲೆ ಪ್ರೀತಿ ಇದೆ. ಆದರೆ ಸಂಜೆಮಲ್ಲಿಗೆ ಅವರ ಮಗ ಸೋತರೆ ಅಳುತ್ತಾನೆ ಅಂದಿದ್ದಾರೆ, ಅದಕ್ಕೇ ಹೇಳಲಿಲ್ಲ. ಆ ಆಟದಲ್ಲಿ ದುಡ್ಡು ಖಾಲಿಯಾದವರು ಎದ್ದು ಹೋಗಬೇಕು. ಉಳಿದವರು ಇನ್ನೂ ಒಂದು ಗಂಟೆ ಆಡುತ್ತಾರೆ. ಎಂಟು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಇದು ಸುಮ್ನೆ ಆದದ್ದಲ್ಲ. ನಮ್ಮ ವ್ಯಾಪಾರ ಆಟ ಬಂದದ್ದು ಮೊನಾಪಲಿ ಎಂಬ ಆಟದಿಂದ. ಆ ಮೊನಾಪಲಿಯ ಮೂಲ ಆಟವನ್ನು ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬವರು ಮಾಡಿ 1904ರಲ್ಲಿ ಪೇಟೆಂಟ್ ಪಡೆದರು. ಜಮೀನೆಲ್ಲ ಒಬ್ಬನ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಅಂತ ತೋರಿಸುವುದೇ ಅವರ ಉದ್ದೇಶ. ಒಬ್ಬರು ಉಬ್ಬುತ್ತಾ ಹೋಗಿ ಉಳಿದವರು ಬರಿಗೈ ಆಗುವುದು ಆ ಆಟದ ಹುಟ್ಟುಗುಣ.

ಅಂಗಡಿ ಬೀದಿ, ದಾವಣಗೆರೆ

ಈ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೂ ಒಂದು ದಾರಿ ಇದೆ. ನಾವು ಗಡಿಯಾರ ಇಟ್ಟು ಆಡುತ್ತೇವೆ. ಒಂದು ಗಂಟೆ ಆದ ಕೂಡಲೇ ನಿಲ್ಲಿಸಿ, ಯಾರ ಹತ್ತಿರ ಎಷ್ಟಿದೆ ಎಣಿಸುತ್ತೇವೆ. ಯಾರನ್ನೂ ಎಬ್ಬಿಸುವುದಿಲ್ಲ, ಸಾಲ ಬರೆದುಕೊಳ್ಳುತ್ತೇವೆ. ಹೀಗೆ ಮಾಡಿದರೆ ಚಿಕ್ಕವರೂ ಕೊನೆವರೆಗೆ ಕೂರುತ್ತಾರೆ. ಈಗಾಗಲೇ ಮನೆಯಲ್ಲಿ ಆ ಡಬ್ಬ ಇದ್ದವರು ಎಸೆಯಬೇಡಿ.

ಆಟಿಯ ಮಳೆ, ಉಡುಪಿ

ನಮ್ಮ ಕಡೆ ಚೆನ್ನೆಮಣೆ. ಆಟಿ ತಿಂಗಳಲ್ಲಿ ಮಳೆ ಹಿಡಿದುಕೊಂಡರೆ ಹೊರಗೆ ಕಾಲಿಡುವಂತಿಲ್ಲ, ಆಗ ಅಟ್ಟದಿಂದ ಮಣೆ ಇಳಿಯುತ್ತಿತ್ತು. ನೀವು ಅಳಗುಳಿ ಮಣೆ ಅನ್ನುತ್ತೀರಲ್ಲ, ಅದೇ. ಎರಡು ಸಾಲು, ಸಾಲಿಗೆ ಏಳು ಗುಳಿ. ನಾವು ಗುಳಿಗೆ ನಾಲ್ಕರಂತೆ 56 ಕಾಯಿ ಹಾಕಿ ಶುರು ಮಾಡುತ್ತೇವೆ. ಒಂದು ಗುಳಿಯಿಂದ ಎಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗಬೇಕು. ಮರದ ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿದರೂ ಆಯಿತು. ಇಬ್ಬರದೇ ಆಟ, ಹಾಗಾಗಿ ಒಂಬತ್ತು ಜನಕ್ಕೆ ಅಲ್ಲ. ಆದರೆ ಮಧ್ಯಾಹ್ನ ಉಳಿದವರೆಲ್ಲ ಮಲಗಿದಾಗ ಅಜ್ಜಿ ಮತ್ತು ಮೊಮ್ಮಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಗುಳಿಯಲ್ಲಿ ಎಷ್ಟಿದೆ ಅಂತ ಮುಟ್ಟಿಯೇ ತಿಳಿಯಬಹುದು, ಕಣ್ಣು ಮಂಜಾದವರಿಗೂ ತೊಂದರೆ ಇಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ಎಲ್ಲರೂ ಓದಿ. ಕೆಲವರು ಇದಕ್ಕೆ ಗುಲಗಂಜಿ ಬಳಸುತ್ತಾರೆ, ಕೆಂಪು ಮೈ, ಕಪ್ಪು ಚುಕ್ಕೆ. ಅದು ವಿಷದ ಬೀಜ. ಅಗಿದರೆ ಅಥವಾ ಬೀಜ ಒಡೆದು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳು ಓಡಾಡುವ ಮನೆಯಲ್ಲಿ ಅದು ಬೇಡವೇ ಬೇಡ. ಹುಣಸೆಬೀಜ ಹಾಕಿ, ಧಾರಾಳವಾಗಿ ಸಿಗುತ್ತದೆ. ತೀರಾ ಸಣ್ಣ ಮಗು ಇದ್ದರೆ ಕವಡೆ, ಹುಣಸೆಬೀಜ ಕೂಡ ಆಟ ಮುಗಿದ ಕೂಡಲೇ ಎಣಿಸಿ ಡಬ್ಬಿಗೆ ಹಾಕಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಸಂಜೆಮಲ್ಲಿಗೆ, ತುಮಕೂರು

ಎಷ್ಟು ಒಳ್ಳೆಯ ವಿಷಯ ಹೇಳಿದಿರಿ ಎಲ್ಲರೂ! ಅತ್ತೆಗೆ ಮೇಷ್ಟ್ರ ಮಾತು ಓದಿ ಹೇಳಿದೆ. "ನಮ್ಮೂರಲ್ಲಿ ಹುಣಸೆಬೀಜ ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡಿ ಅದನ್ನೇ ಕವಡೆ ಥರ ಹಾಕುತ್ತಿದ್ದೆವು" ಅಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಗುಲಗಂಜಿ ವಿಷಯ ಹೇಳಿದ್ದಕ್ಕೆ ತುಂಬ ಉಪಕಾರ ಆಯಿತು. ನಾದಿನಿಯ ಚಿಕ್ಕ ಮಗನಿಗೆ ಈಗ ನಾಲ್ಕು ವರ್ಷ.

ಇನ್ನೂ ಎರಡು ಉಳಿದಿವೆ. ಒಂಬತ್ತು ಜನವೂ ಒಟ್ಟಿಗೆ ಆಡುವ ಆಟ ಬೇಕು. ಮಗನ ಅಳುವಿಗೂ ಒಂದು ದಾರಿ ಬೇಕು.

ಮಹಡಿಮನೆ ಬಳಗ, ಬೆಂಗಳೂರು

ಒಂಬತ್ತು ಜನರ ಪ್ರಶ್ನೆಗೆ ನಾನು ಹೇಳುತ್ತೇನೆ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಶನಿವಾರ ಸಂಜೆ ಹತ್ತರಿಂದ ಹದಿನೈದು ಜನ ಸೇರುತ್ತೇವೆ. ದೊಡ್ಡ ಗುಂಪಿಗೆ ಅತಿ ಚೆನ್ನಾಗಿ ನಡೆಯುವುದು ಕೋಡ್‌ನೇಮ್ಸ್. ಕೊಳ್ಳುವ ಡಬ್ಬದಲ್ಲಿ ಇಂಗ್ಲಿಷ್ ಪದಗಳಿರುತ್ತವೆ. ಹಿರಿಯರು ಕೂರಲಿ ಅಂತ ನಾವು ಕನ್ನಡದಲ್ಲೇ ಮಾಡಿಕೊಂಡೆವು.

ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಚೀಟಿ ಮಾಡಿ. ಒಂದೊಂದರ ಮೇಲೆ ಒಂದು ಪದ, ದಪ್ಪ ಸ್ಕೆಚ್ ಪೆನ್ನಿನಲ್ಲಿ. ಮಳೆ, ಬಾವಿ, ರಾಜ, ಕಾಲು, ದೋಸೆ, ಹೀಗೆ ನೂರಿನ್ನೂರು ಪದ. ಆಟಕ್ಕೆ 25 ಎತ್ತಿ ಐದಕ್ಕೆ ಐದು ಜೋಡಿಸಿ. ಎರಡು ತಂಡ. ತಂಡಕ್ಕೊಬ್ಬ ನಾಯಕ. ಯಾವ ಪದ ಯಾರದು ಅಂತ ಗುರುತು ಮಾಡಿದ ಚಿಕ್ಕ ನಕ್ಷೆ ಇಬ್ಬರು ನಾಯಕರಿಗೆ ಮಾತ್ರ ಕಾಣಬೇಕು: ಮೊದಲು ಆಡುವ ತಂಡಕ್ಕೆ 9, ಇನ್ನೊಂದಕ್ಕೆ 8, ಯಾರಿಗೂ ಸೇರದವು 7, ಮುಟ್ಟಿದರೆ ಆಟ ಸೋಲುವುದು 1. ನಾಯಕ ಸುಳಿವಾಗಿ ಒಂದು ಪದ, ಅದಕ್ಕೆ ತನ್ನ ತಂಡದ ಎಷ್ಟು ಪದ ಹೊಂದುತ್ತವೆ ಅನ್ನುವ ಒಂದು ಅಂಕಿ ಮಾತ್ರ ಹೇಳಬೇಕು. ಉಳಿದವರು ಊಹಿಸಬೇಕು.

ಕನ್ನಡದಲ್ಲಿ ಆಡಿದರೆ ಅದರ ರುಚಿಯೇ ಬೇರೆ. ಹೋದ ತಿಂಗಳು ಒಬ್ಬರು "ಆಗುಂಬೆ, ಎರಡು" ಅಂದರು. ಮಳೆ ಅಂತ ಎಲ್ಲರೂ ತಕ್ಷಣ ಮುಟ್ಟಿದರು. ಎರಡನೆಯದಕ್ಕೆ ಜಗಳ ಶುರು. ಸೂರ್ಯಾಸ್ತಕ್ಕೆ ಹೆಸರಾದ ಊರು, ಸೂರ್ಯ ಇರಬೇಕು ಅಂತ ಒಬ್ಬರು. ಕಾಳಿಂಗ ಸರ್ಪದ ಕಾಡು, ಹಾವು ಇರಬೇಕು ಅಂತ ಇನ್ನೊಬ್ಬರು. ನಾಯಕಿ ಬಾಯಿ ಬಿಡುವಂತಿಲ್ಲ. ಎಪ್ಪತ್ತು ದಾಟಿದ ಒಬ್ಬ ತಾಯಿ ಎದ್ದು ನಿಂತು ವಾದ ಮಾಡಿದರು. ಉತ್ತರ ಹಾವು. ಅವರು ಹೇಳಿದ್ದೂ ಅದೇ!

ಎಂಟು ವರ್ಷದ ಹುಡುಗ ದೊಡ್ಡವರ ಪಕ್ಕ ಕೂತು ತಂಡದಲ್ಲಿ ಸೇರಬಹುದು. ಓದು ಬಾರದ ಮಕ್ಕಳು ಜಾಸ್ತಿ ಇದ್ದರೆ, ಪದದ ಬದಲು ಚಿತ್ರಗಳಿರುವ 'ಕೋಡ್‌ನೇಮ್ಸ್ ಪಿಕ್ಚರ್ಸ್' 2016ರಿಂದ ಇದೆ.

ತಂಬೋಲಾ ಅಂತೂ ಇದ್ದೇ ಇದೆ. ಒಂದರಿಂದ 90ರವರೆಗೆ ಅಂಕಿ, ಟಿಕೆಟ್ಟಿನಲ್ಲಿ 15. ಟಿಕೆಟ್ ಪುಸ್ತಕ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ದುಡ್ಡು ಕಟ್ಟಿ ಆಡಿಸಬೇಡಿ, ಗೆದ್ದವರಿಗೆ ಚಿಕ್ಕಿ ಕೊಡಿ ಸಾಕು.

ಇನ್ನೊಂದು ಕೆಲಸ ಮಾಡಿದ್ದೇವೆ. ಒಂದು ಮನೆಗೆ ಒಂದು ಆಟ. ಎಂಟು ಮನೆ ಸೇರಿ ಎಂಟು ಬೇರೆ ಬೇರೆ ಆಟ ಕೊಂಡು ಬದಲಾಯಿಸಿಕೊಳ್ಳುತ್ತೇವೆ. ಡಬ್ಬದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ: ಕಾಯಿ ಎಷ್ಟು, ಕಾರ್ಡ್ ಎಷ್ಟು. ವಾಪಸ್ ಕೊಡುವಾಗ ಎಣಿಸಿ ಕೊಡಬೇಕು. ಇದರಿಂದಲೇ ಡಿಕ್ಸಿಟ್, ಟಿಕೆಟ್ ಟು ರೈಡ್‌ನಂಥ ದುಬಾರಿ ಆಟ ಎಲ್ಲ ಮನೆಗೂ ಸಿಕ್ಕಿತು.

ಕೌತುಕ, ಮೈಸೂರು

ಮಗ ಅಳುವ ವಿಷಯಕ್ಕೆ ನನ್ನ ಉತ್ತರ ಆಡು-ಹುಲಿ ಆಟ. ಮೂರು ಹುಲಿ, ಹದಿನೈದು ಆಡು, 23 ಬಿಂದುಗಳ ತ್ರಿಕೋನದಂಥ ಮಣೆ. ಆಡುಗಳನ್ನು ಒಂದೊಂದಾಗಿ ಇಡುತ್ತಾ ಬರಬೇಕು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಮೂರೂ ಹುಲಿಗಳಿಗೆ ಕದಲಲು ಜಾಗ ಇಲ್ಲದ ಹಾಗೆ ಕಟ್ಟಿಹಾಕಿದರೆ ಆಡುಗಳು ಗೆದ್ದವು.

ಇಬ್ಬರ ಆಟ ಅಂತಾರೆ, ಆದರೆ ಹಾಗೆ ಆಡಬೇಕಾಗಿಲ್ಲ. ಅಪ್ಪ ಒಬ್ಬರೇ ಹುಲಿ. ಮಕ್ಕಳೆಲ್ಲ ಸೇರಿ ಆಡು. ಮಕ್ಕಳು ಗುಸುಗುಸು ಮಾತಾಡಿಕೊಂಡು ಒಂದು ನಡೆ ತೀರ್ಮಾನಿಸಲಿ. ಸೋತರೆ ಎಲ್ಲರೂ ಒಟ್ಟಿಗೆ ಸೋತರು, ಒಬ್ಬನ ಮೇಲೆ ಬರುವುದಿಲ್ಲ. ಗೆದ್ದರೆ ಅಪ್ಪನನ್ನು ಕಟ್ಟಿಹಾಕಿದ ಸಂತೋಷ. ಸೋಲಿಗೆ ಹೆದರುವ ಮಗುವನ್ನು ಮೊದಲು ಗುಂಪಿನಲ್ಲಿ ಆಡಿಸಿ, ಒಂಟಿ ಆಟ ಆಮೇಲೆ.

ಈ ಆಟಗಳಿಗೆ ನಮ್ಮ ಊರಿನ ನಂಟು ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹೊಸ ಹೊಸ ಮಣೆ ಆಟಗಳನ್ನು ರೂಪಿಸಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೆಯ ಭಾಗ ಕೌತುಕನಿಧಿ, ಅದು ಇಂಥ ಆಟಗಳದ್ದೇ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟಗಳನ್ನು ಹುಡುಕಿ ಮತ್ತೆ ಮಾಡಿಸಿ 'ಕ್ರೀಡಾ ಕೌಶಲ್ಯ' ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ರಜೆಯಲ್ಲಿ ಹಂಪಿಗೆ ಹೋದರೆ ಮಂಟಪಗಳ ಕಲ್ಲು ನೆಲದ ಮೇಲೆ ಕಣ್ಣಾಡಿಸಿ. ಕೊರೆದ ಮಣೆಗಳು ಕಾಣುತ್ತವೆ. ಅದೇ ಗೆರೆಯನ್ನು ಮಗನ ಕೈಯಲ್ಲಿ ಹಾಳೆಯ ಮೇಲೆ ಬರೆಸಿ, ರಾತ್ರಿ ಕೋಣೆಯಲ್ಲಿ ಆಡಿ.

ಇಳಿಹಗಲು, ಶಿವಮೊಗ್ಗ

ಒಟ್ಟಾಗಿ ಸೋಲುವ-ಗೆಲ್ಲುವ ಇನ್ನೊಂದು ಆಟ, ಅದೂ ಬಿಟ್ಟಿಯಾಗಿ. 'ದಿ ಮೈಂಡ್' ಅಂತ 2018ರಲ್ಲಿ ಬಂದದ್ದು. ಅದರ ಜೀವಾಳ ಒಂದರಿಂದ ನೂರರವರೆಗಿನ ಅಂಕಿಯ ಕಾರ್ಡುಗಳು. ನೀವೇ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬಹುದು, ಅತ್ತೆಯವರಿಗೆ ಕಾಣುತ್ತದೆ, ಭಾಷೆಯ ಹಂಗಿಲ್ಲ.

ಮೊದಲ ಸುತ್ತಿಗೆ ಒಬ್ಬರಿಗೆ ಒಂದು ಕಾರ್ಡ್. ಎರಡನೆಯ ಸುತ್ತಿಗೆ ಎರಡು. ಹೀಗೆ ಏರುತ್ತದೆ. ಎಲ್ಲರೂ ಸೇರಿ ಚಿಕ್ಕ ಅಂಕಿಯಿಂದ ದೊಡ್ಡದಕ್ಕೆ ಕ್ರಮವಾಗಿ ಇಡಬೇಕು. ಆದರೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಕೈಯಲ್ಲಿ 12 ಇದ್ದವರು ಬೇಗ ಇಡುತ್ತಾರೆ, 80 ಇದ್ದವರು ಕಾಯುತ್ತಾರೆ. 46 ಮತ್ತು 49 ಇಬ್ಬರ ಕೈಯಲ್ಲಿದ್ದರೆ ನೋಡಿ ಮಜಾ, ಇಬ್ಬರ ಕೈಯೂ ಅರ್ಧಕ್ಕೆ ನಿಂತಿರುತ್ತದೆ. ಎರಡರಿಂದ ನಾಲ್ಕು ಜನಕ್ಕೆ ಅಂತ ಮಾಡಿದ ಆಟ, ನಾವು ಐದು ಜನ ಆಡಿದ್ದೇವೆ, ನಡೆಯುತ್ತದೆ.

ಭಾವನ ಬಳಗ, ಹುಬ್ಬಳ್ಳಿ

ಸೀಕ್ವೆನ್ಸ್ ಬಗ್ಗೆ ಏನಂತೀರಿ? ಎರಡರಿಂದ ಹನ್ನೆರಡು ಜನ, ಬೋರ್ಡಿನ ಮೇಲೆ ಇಸ್ಪೀಟು ಎಲೆಗಳ ಚಿತ್ರ. ಕೈಯಲ್ಲಿರುವ ಎಲೆಯ ಮನೆಗೆ ಬಿಲ್ಲೆ ಇಡುವುದು, ಸಾಲಾಗಿ ಐದು ಮಾಡುವುದು. ನಮ್ಮ ಕಾಕಾ ಇಸ್ಪೀಟು ಬಲ್ಲವರು, ಒಂದೇ ಸಲಕ್ಕೆ ಕಲಿತುಬಿಟ್ಟರು. ಭಾಳ ಚಲೋ ಆಟ.

ಆಟಿಯ ಮಳೆ, ಉಡುಪಿ

ಆಟ ಒಳ್ಳೆಯದೇ. ಆದರೆ ಕೆಲವು ಮನೆಗಳಲ್ಲಿ ಇಸ್ಪೀಟು ಎಲೆ ಒಳಗೆ ತರುವುದನ್ನೇ ಹಿರಿಯರು ಒಪ್ಪುವುದಿಲ್ಲ. ಮೊದಲು ಅತ್ತೆಯವರನ್ನು ಒಂದು ಮಾತು ಕೇಳಿ.

ಮಹಡಿಮನೆ ಬಳಗ, ಬೆಂಗಳೂರು

ಕೊಳ್ಳುವ ಮುಂಚೆ ಒಂದು ವಿಷಯ. ಹೆಸರಾಂತ ಆಟಗಳ ನಕಲು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಕಾಣುತ್ತದೆ. ನಮ್ಮ ಗುಂಪಿನವರೊಬ್ಬರು ಹಾಗೆ ತರಿಸಿದರು. ಕಾರ್ಡು ಕಾಗದದಷ್ಟು ತೆಳು, ಹಿಂದಿನಿಂದಲೇ ಅಂಕಿ ಕಾಣುತ್ತಿತ್ತು, ನಿಯಮದ ಹಾಳೆಯಲ್ಲಿ ಅರ್ಧ ಪುಟ ಇರಲೇ ಇಲ್ಲ. ಆಟ ಮಾಡಿದವರಿಗೂ ಅದರಿಂದ ಏನೂ ಸಿಗುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಚಿಕ್ಕ ಆಟವನ್ನು ಅಸಲಿಯಾಗಿ ಕೊಳ್ಳಿ. ಹದಿನಾಲ್ಕರ ಒಳಗಿನ ಮಕ್ಕಳ ಆಟಿಕೆಯಾದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ.

ಮತ್ತೆ, ಯಾರಾದರೂ ಒಬ್ಬರು ಹಿಂದಿನ ದಿನವೇ ನಿಯಮ ಓದಿಕೊಂಡಿರಬೇಕು. ಎಲ್ಲರನ್ನೂ ಕೂರಿಸಿ ಆಮೇಲೆ ಹಾಳೆ ಬಿಚ್ಚಿದರೆ ಮಕ್ಕಳು ಹತ್ತೇ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಮೊದಲ ಸುತ್ತನ್ನು ಎಲ್ಲರ ಕಾರ್ಡೂ ತೆರೆದಿಟ್ಟು ಆಡಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಂಜೆಮಲ್ಲಿಗೆ, ತುಮಕೂರು

ನಾವು ಮನೆಯವರೆಲ್ಲ ಕೂತು ಮಾತಾಡಿದೆವು. ಚೌಕಾಬಾರ, ಆಡು-ಹುಲಿ ಮನೆಯಲ್ಲೇ ಬರೆದುಕೊಳ್ಳುತ್ತೇವೆ. ಕನ್ನಡ ಕೋಡ್‌ನೇಮ್ಸ್ ಚೀಟಿಗಳ ಕೆಲಸ ಮಗಳು ತಗೊಂಡಿದ್ದಾಳೆ, ಆಗಲೇ ಪದಗಳ ಪಟ್ಟಿ ಶುರುವಾಗಿದೆ. ಅಂಕಿ ಕಾರ್ಡ್ ಮಗ ಬರೆಯುತ್ತಾನೆ. ಕೊಳ್ಳುವುದು 26 ಇಂಚಿನ ಕೇರಂ ಮತ್ತು ಒಂದು ಊನೋ. ಅಂಗಡಿಯಲ್ಲಿ ವಿಚಾರಿಸಿದೆ, ಎರಡು ಸಾವಿರದೊಳಗೆ ಆಗುತ್ತದೆ. ಸೀಕ್ವೆನ್ಸ್ ಬೇಡ ಅಂದರು ಅತ್ತೆ. ನಾದಿನಿಗೆ ಬೇರೆ ಒಂದು ಆಟ ಕೊಂಡು ತರಲು ಹೇಳಿದ್ದೇನೆ, ರಜೆ ಮುಗಿದ ಮೇಲೆ ಬದಲಾಯಿಸಿಕೊಳ್ಳುತ್ತೇವೆ.

ಮೇಷ್ಟ್ರೇ, ಒಂಬತ್ತು ಜನ ಇರುವಾಗ ಚೌಕಾಬಾರಕ್ಕೆ ಏನು ಮಾಡುವುದು? ಕವಡೆ ಎಲ್ಲಿ ಸಿಗುತ್ತದೆ?

ಗಣಿತದ ಮೇಷ್ಟ್ರು, ಹಾಸನ

ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಪೂಜೆ ಸಾಮಾನು ಮಾರುವಲ್ಲೂ ಇರುತ್ತದೆ. ಬೆನ್ನು ತುಂಬ ಉಬ್ಬಿರುವುದನ್ನು ಬಿಡಿ. ಅಂಗಡಿಯ ಕಟ್ಟೆ ಮೇಲೇ ಹತ್ತಿಪ್ಪತ್ತು ಸಲ ಉರುಳಿಸಿ ನೋಡಿ, ಒಂದೇ ಕಡೆಗೆ ಬೀಳುವುದನ್ನು ಪಕ್ಕಕ್ಕಿಡಿ. ನಾಲ್ಕರ ಬದಲು ಆರು ತನ್ನಿ.

ಜನ ಜಾಸ್ತಿ ಇದ್ದಾಗ ಏಳಕ್ಕೆ ಏಳು ಮನೆ ಬರೆಯಿರಿ. ಹೊರಸುತ್ತು 24, ಆಮೇಲೆ 16, ಆಮೇಲೆ 8, ನಡುವೆ ಒಂದು. ಆರು ಕವಡೆ ಹಾಕಬೇಕು, ಆರೂ ಮೇಲಾದರೆ ಆರು, ಆರೂ ಬೋರಲಾದರೆ ಹನ್ನೆರಡು. ಒಂದೊಂದು ಬದಿಗೆ ಆರು ಕಾಯಿ. ಒಂದೊಂದು ಬದಿಗೆ ಇಬ್ಬಿಬ್ಬರು ಜೋಡಿ, ಒಬ್ಬರು ಕವಡೆ ಹಾಕಲಿ, ಇನ್ನೊಬ್ಬರು ಕಾಯಿ ನಡೆಸಲಿ, ಸುತ್ತು ಸುತ್ತಿಗೂ ಬದಲಾಯಿಸಿಕೊಳ್ಳಲಿ. ನಾಲ್ಕು ವರ್ಷದ ಮಗುವನ್ನು ನಿಮ್ಮ ಅತ್ತೆಯವರ ಜೋಡಿಗೆ ಸೇರಿಸಿ, ಅಲ್ಲಿ ಮೂವರಾಗುತ್ತಾರೆ. ಕವಡೆ ಹಾಕುವ ಕೆಲಸ ಅವನಿಗೇ ಕೊಡಿ. ಈ ಆಟ ಒಂದೂವರೆ ಗಂಟೆ ಹಿಡಿಯಬಹುದು, ಹಾಗಾಗಿ ಊಟ ಆದ ಮೇಲೆ ಶುರು ಮಾಡಿ.